ಸೈಲೆನ್ಸರಿನ ಮಡಿ

ನಮ್ಮ ಸೋದರಮಾವ ಅರವತ್ತಮೂರನೆಯ ವಯಸ್ಸಿನಲ್ಲಿ ಮಡಿವಂತನಾದ ಎಂದರೆ ನಮ್ಮ ಬಳಗದಲ್ಲಿ ಒಬ್ಬರೂ ನಂಬುವುದಿಲ್ಲ. ನಂಬದಿರುವುದಕ್ಕೆ ಕಾರಣವೂ ಇದೆ. ಏಕಾದಶಿಯ ದಿನ ಬೇಕೆಂದೇ ಈರುಳ್ಳಿ ಸಾಂಬಾರು ಹುಡುಕಿಕೊಂಡು ಹೋಟೆಲಿಗೆ ಹೋಗುವ ಆಸಾಮಿ ಅವನು. ಜನಿವಾರ ಇವನಿಗೆ ಬೆನ್ನು ತುರಿಸಿಕೊಳ್ಳಲಿಕ್ಕೆ ಮಾತ್ರ ಬೇಕು ಎಂದು ಸ್ವತಃ ಅಜ್ಜಿಯೇ, ಅಂದರೆ ಅವನ ಅಮ್ಮನೇ, ದೂರುತ್ತಿದ್ದಳು. ಅಂಥವನು ಒಂದು ಶನಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, "ಯಾರೂ ಮುಟ್ಟಬೇಡಿ! ಹತ್ರಾನೂ ಸುಳೀಬೇಡಿ!" ಎಂದು ಇಡೀ ಮನೆಯನ್ನು ಗಡಗಡ ನಡುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಎದುರಿಗಿದ್ದದ್ದು ಸಾಲಿಗ್ರಾಮವಲ್ಲ. ಕಾರಿನ ಸೈಲೆನ್ಸರ್!

ನಮ್ಮದು ಮದರಾಸಿಗೆ ಬಂದು ನಾಲ್ಕು ತಲೆಮಾರಾದ ಮನೆತನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳ ಬಂದರೆ ಎರಡೂ ಸಾಲದೆ ಇಂಗ್ಲಿಷು. ಮಾವ ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಕೇಳಿದರೆ "ಕಾರಿತ್ತಲ್ಲ" ಎನ್ನುತ್ತಾನೆ. ಆ ಕಾರಿಗೆ ಇಪ್ಪತ್ತು ತುಂಬಿದೆ. ಅದನ್ನು ಯಾವ ಮೆಕ್ಯಾನಿಕ್ಕಿಗೂ ಮುಟ್ಟಗೊಡದೆ ಪೋರೂರಿನ ಮನೆಯ ಮುಂದೆಯೇ ಬಿಚ್ಚುತ್ತಾನೆ, ಜೋಡಿಸುತ್ತಾನೆ, ಉಳಿದ ಬೋಲ್ಟುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಾನೆ. ಬಾಟಲಿ ಈಗ ಮುಕ್ಕಾಲು ತುಂಬಿದೆ. ಕಾರು ಅದು ಹೇಗೆ ಓಡುತ್ತಿದೆಯೋ ದೇವರೇ ಬಲ್ಲ!

ದಿನಾ ಸಂಜೆ ಕೆರೆಯ ದಂಡೆಗೆ ವಾಕಿಂಗಿಗೆ ಹೋಗುವುದೂ ಇದೇ ಕಾರಿನಲ್ಲಿ. ನಡೆದರೆ ಹತ್ತೇ ನಿಮಿಷದ ದಾರಿ. "ಇಲ್ಲಿಂದ್ಲೇ ನಡೆದುಬಿಟ್ರೆ ಅಲ್ಲಿ ನಡೆಯಕ್ಕೆ ಕಾಲು ಬೇಡ್ವೇನೇ?" ಎಂದು ನನ್ನನ್ನೇ ಕೇಳುತ್ತಾನೆ.

ಇನ್ನು ಅಜ್ಜಿ. ಎಂಬತ್ತಾರು ವರ್ಷ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು, ಬಲಗೈಯ ಕಿರುಬೆರಳು ಮಾತ್ರ ಡೊಂಕು. ಹುಡುಗಿಯಾಗಿದ್ದಾಗ ಬಾವಿಯ ರಾಟೆಗೆ ಸಿಕ್ಕಿಕೊಂಡದ್ದಂತೆ. ಆ ಬೆರಳನ್ನು ಎತ್ತಿ ಅವಳು "ಯಾರೋ ಅದು?" ಎಂದರೆ ನಾವು ಮಕ್ಕಳೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆವು. ಯಾಕೆಂದರೆ ಅಜ್ಜಿಯದು ಗಟ್ಟಿ ಮಡಿ. ಅವಳ ಮಡಿಸೀರೆ ಸೂರಿನ ಕೆಳಗಿನ ಬಿದಿರುಗಳುವಿನ ಮೇಲೆ ಒಣಗುತ್ತಿತ್ತು, ಕೋಲಿನಿಂದಲೇ ಇಳಿಸಬೇಕು. ಮಾವನಿಗೂ ಮಡಿಗೂ ವೈರ ಶುರುವಾದದ್ದೇ ಅಲ್ಲಿ. ಐದನೆಯ ವಯಸ್ಸಿನಲ್ಲಿ ಶಾಲೆಯಿಂದ ಓಡೋಡಿ ಬಂದು ಅಮ್ಮನನ್ನು ತಬ್ಬಿಕೊಳ್ಳಹೋದರೆ, "ಮುಟ್ಟಬೇಡ್ವೋ, ಮಡೀಲಿದೀನಿ!" ಹತ್ತನೆಯ ವಯಸ್ಸಿನಲ್ಲಿ ಬಹುಮಾನದ ಬಟ್ಟಲು ಎತ್ತಿಕೊಂಡು ಬಂದರೆ, "ಅಲ್ಲೇ ನಿಂತು ತೋರಿಸೋ, ಮಡೀಲಿದೀನಿ!" ಈ ಕತೆಗಳನ್ನು ಮಾವ ನಗುನಗುತ್ತಾ ಹೇಳುತ್ತಾನೆ. ಆದರೆ ಪ್ರತಿ ಸಲವೂ ಹೇಳುತ್ತಾನೆ.

ಅಜ್ಜಿಗೆ ಕಿವಿ ಮಂದವಾಗುತ್ತಾ ಬಂದು ಕೆಲವು ವರ್ಷಗಳಾಗಿದ್ದವು. ಅದು ಯಾರಿಗೂ ದೊಡ್ಡ ತೊಂದರೆ ಅನ್ನಿಸಿರಲಿಲ್ಲ. ಕಾರಣ, ಕಾರಿನ ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಬೀದಿಯ ತಿರುವಿನ ಪಿಳ್ಳೆಯಾರ್ ಗುಡಿ ದಾಟುತ್ತಿದ್ದಂತೆಯೇ ಅದರ ಗುಡುಗು ಅಡುಗೆಮನೆಗೆ ಮುಟ್ಟುತ್ತಿತ್ತು. ಅಜ್ಜಿ ಹಾಲು ಒಲೆಗೇರಿಸುವಳು. ಮಾವ ಚಪ್ಪಲಿ ಬಿಡುವಷ್ಟರಲ್ಲಿ ಲೋಟದಲ್ಲಿ ಕಾಫಿ ನೊರೆಯಾಡುತ್ತಿರಬೇಕು. ಇದು ಕೆಲವು ವರ್ಷಗಳಿಂದ ನಡೆದುಬಂದ ಪದ್ಧತಿ.

ಆಮೇಲೆ ಕಾರಿಗೆ ಮರುನೋಂದಣಿಯ ಪರೀಕ್ಷೆ ಬಂತು. ತೂತು ಸೈಲೆನ್ಸರಿಗೆ ಅಲ್ಲಿ ಪಾಸಿಲ್ಲ. ಮಾವ ಹೊಸದನ್ನು ತಂದು ಹಾಕಿದ. ಕಾರು ಬೆಕ್ಕಿನ ಹಾಗೆ ಮನೆಗೆ ಬರತೊಡಗಿತು. ಮೊದಲನೆಯ ಸಂಜೆಯೇ ಅನಾಹುತ! ಅಜ್ಜಿ ಚಪಾತಿ ಲಟ್ಟಿಸುತ್ತಿದ್ದಳು. ಮಾವ ಹಿಂದಿನಿಂದ ಬಂದು "ಅಮ್ಮಾ" ಎಂದ, ಕೇಳಿಸಲಿಲ್ಲ. ಭುಜ ಮುಟ್ಟಿದ. ಅಜ್ಜಿ ಕಳ್ಳನೆಂದು ತಿಳಿದು, ತಿರುಗಿಯೂ ನೋಡದೆ, ಲಟ್ಟಣಿಗೆ ಬೀಸಿದಳು. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು. ಬೀದಿಯವರಿಗೆಲ್ಲ ಬಾಗಿಲು ತಗುಲಿತು ಎಂದು ಹೇಳಿಕೊಂಡು ತಿರುಗಿದ ಪಾಪದವನು.

ಬುಗುಟು ಇಳಿಯಿತು. ಆದರೆ ಅಜ್ಜಿ ಮರುದಿನದಿಂದ ನಾಲ್ಕೂವರೆಗೇ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರತೊಡಗಿದಳು. ಚೆನ್ನೈ ಬಿಸಿಲು, ಚರಂಡಿಯ ಸೊಳ್ಳೆ, ಮೂತಿಗೆ ರಾಚುವ ಧೂಳು ಯಾವುದಕ್ಕೂ ಜಗ್ಗಲಿಲ್ಲ.

"ಒಳಗೆ ಕೂತ್ಕೋಮ್ಮಾ, ಪ್ಲೀಸ್!"

"ನೀ ಬರೋದು ತಿಳೀದೇ ಇದ್ರೆ ನಂಗೆ ಮನೆಯೊಳಗೆ ಇರಕ್ಕೆ ಮುಡಿಯಾದು, ಆಗಲ್ಲ ಕಣೋ. ಎದೆ ಡವಡವ ಅನ್ನತ್ತೆ."

ಮಾವ ವಾಕಿಂಗ್ ಬಿಡಲೂ ನೋಡಿದ. ಆಗ ಅಜ್ಜಿ, "ನನ್ನಿಂದ ನೀನು ಮನೇಲಿ ಕೊಳೀಬೇಕಾ?" ಎಂದು ಊಟ ಬಿಟ್ಟಳು. ಇನ್ನೇನು ಮಾಡುವುದು? ಅಮ್ಮನನ್ನು ಗೇಟಿನಿಂದ ಎಬ್ಬಿಸಿ ಒಳಗೆ ಕೂರಿಸಬೇಕು. ಮಾವನ ಜೀವನದ ಏಕೈಕ ಗುರಿ ಇದಾಯಿತು.

ಕಿವಿಯ ಯಂತ್ರ ತಂದ. ಕಪ್ಪೆ ವಟಗುಟ್ಟುತ್ತದೆ ಎಂದು ಅಜ್ಜಿ ಅದನ್ನು ದೇವರ ಪೆಟ್ಟಿಗೆಯಲ್ಲಿಟ್ಟಳು. ಮೊಬೈಲನ್ನು ನಡುಗುವಂತೆ ಮಾಡಿ ಅವಳ ಸೊಂಟಕ್ಕೆ ಸಿಕ್ಕಿಸಿದ. ಅದು ನಡುಗಿದೊಡನೆ "ಚೇಳು! ಚೇಳು!" ಎಂದು ಅಜ್ಜಿ ಕುಣಿದ ಕುಣಿತ ನೋಡಿ ಮಹಡಿಯ ಬಾಡಿಗೆಯವರು ಇಳಿದು ಬಂದರು. ಕೊನೆಗೆ ಡಾಕ್ಟರರ ಬಳಿ ಹೋದಾಗ ಅವರು ಕಾಗದದ ಮೇಲೆ ಒಂದು ಗೆರೆ ಎಳೆದು ತೋರಿಸಿದರಂತೆ. ಅಜ್ಜಿಗೆ ತೆಳ್ಳನೆಯ ಶಬ್ದಗಳು ಕೇಳಿಸುವುದಿಲ್ಲ, ದಪ್ಪ ಶಬ್ದಗಳು ಚೆನ್ನಾಗಿಯೇ ಕೇಳಿಸುತ್ತವೆ. ಕರೆಗಂಟೆ ಇಲ್ಲ, ನೀರಿನ ಲಾರಿ ಉಂಟು. ಕುಕ್ಕರ್ ಸೀಟಿ ಇಲ್ಲ, ಗುಡಿಯ ನಗಾರಿ ಉಂಟು.

ನಮ್ಮ ಮಾವನ ದನಿ ಎಂಥದು ಗೊತ್ತೇ? ಕೊಳಲಿಗಿಂತ ತೆಳು! ಫೋನಿನಲ್ಲಿ ಇವತ್ತಿಗೂ ಅವನನ್ನು "ಮೇಡಂ" ಎಂದೇ ಕರೆಯುತ್ತಾರೆ. ಊರಿನವರಿಗೆಲ್ಲ ಒಬ್ಬರ ಮಾತು ಒಬ್ಬರಿಗೆ ಕೇಳಿಸುವಂತೆ ಮಾಡುತ್ತಾ ಮೂವತ್ತೈದು ವರ್ಷ ಕಳೆದವನ ದನಿ ಅವನ ಅಮ್ಮನೊಬ್ಬಳಿಗೇ ಕೇಳಿಸದು. ಆ ಸಂಜೆ ನನಗೆ ಫೋನು ಮಾಡಿದ. ಅಳುತ್ತಾನೇನೋ ಎಂದುಕೊಂಡೆ. ಇಲ್ಲ, ಕುಣಿಯುತ್ತಿದ್ದ. "ಗೊತ್ತಾಯ್ತು ಕಣೇ! ನಂಗೆ ಈಗ ಬೇಕಾಗಿರೋದು ಒಂದು ದಪ್ಪ ದನಿ. ಸೈಲೆನ್ಸರ್ ಮಾತ್ತಬೇಕು, ಬೇರೇದು ಹಾಕ್ಬೇಕು! ಗಲಾಟೆ ಮಾಡೋದಲ್ಲ, ದಪ್ಪದಾಗಿ ಮಾತಾಡೋದು!"

ಸೈಲೆನ್ಸರಿನ ವಧೂಪರೀಕ್ಷೆ ಶುರುವಾಯಿತು. ಕಾನೂನಿನ ಮಿತಿಯೊಳಗಿನವನ್ನೇ ಹೆಕ್ಕಿ, ಮೊಬೈಲಿನಲ್ಲಿ ಸಿಕ್ಕ ಒಂದೊಂದರ ಸದ್ದನ್ನೂ ದೊಡ್ಡ ಸ್ಪೀಕರಿಗೆ ಜೋಡಿಸಿ ಅಜ್ಜಿಗೆ ಕೇಳಿಸಿದ. ಅರವತ್ತು ವರ್ಷ ಮಾರ್ಗಳಿ ತಿಂಗಳ ಚಳಿಯಲ್ಲಿ ಸಭೆ ಸಭೆ ಸುತ್ತಿ ಸಂಗೀತ ಕೇಳಿದ ಮುದುಕಿ ಅವಳು, ಬಿಡುತ್ತಾಳೆಯೇ? ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಳು.

"ಇದು ಶ್ರುತಿ ಸೇರ್ಲಿಲ್ಲ. ಇದಕ್ಕೆ ನೆಗಡಿ. ಇದು ಬರೀ ಸತ್ತಂ, ಬರೀ ಗಲಾಟೆ, ಒಳಗೆ ಸರಕೇ ಇಲ್ಲ." ಏಳನೆಯದಕ್ಕೆ ಕಣ್ಣು ತೆರೆದಳು. "ಹಾ! ಇದು ಮೃದಂಗದ ಎಡಗಡೆ ಹಂಗಿದೆ. ಇದನ್ನ ತರ್ಸು."

ಪಾರ್ಸೆಲ್ ಬಂದ ವಾರದ ಶನಿವಾರ ನಾನು ಮಾಧವರಂನ ನನ್ನ ಮನೆಯಿಂದ ಎರಡು ಬಸ್ಸು ಬದಲಿಸಿ ಸಹಾಯಕ್ಕೆ ಹೋದೆ. ಒಳಗೆ ಕಾಲಿಟ್ಟರೆ, ಹಾಲಿನ ತೂಗುಮಣೆಯ ಮೇಲೆ ಒಗೆದ ಬಿಳಿ ಪಂಚೆ ಹಾಸಿ, ಅದರ ಮೇಲೆ ಸ್ಟೀಲಿನ ಸೈಲೆನ್ಸರನ್ನು ಬಾಗಿದ ಪೈಪಿನ ಸಮೇತ ಮಲಗಿಸಿದ್ದ. ಫಳಫಳ ಹೊಳೆಯುತ್ತಿತ್ತು. ನಾಮಕರಣದ ಮಗುವಿಗೂ ಇಂಥ ಮರ್ಯಾದೆ ಸಿಕ್ಕಿದ್ದಿಲ್ಲ. ನಾನು ಸಹಜವಾಗಿ ಕೈಚಾಚಿದೆ.

"ಮುಟ್ಟಬೇಡಾ!"

ನಾನು ಗೋಡೆಗೆ ಅಂಟಿಕೊಂಡೆ.

"ಸ್ಪಿರಿಟ್ ಹಾಕಿ ಮೂರು ಸಲ ಒರೆಸಿದೀನಿ. ಈಗ ಕೈ ತಗುಲಿದ್ರೆ ಕೈಯ ಎಣ್ಣೆ ಅಂಟತ್ತೆ. ಅಪ್ಪುರಂ, ಆಮೇಲೆ, ಎಂಜಿನ್ ಬಿಸಿಗೆ ಅದು ಸ್ಟೀಲೊಳಗೇ ಸುಟ್ಟು ಕೂತುಬಿಡತ್ತೆ. ಬೆರಳಿನ ಗುರುತು ಜನ್ಮಕ್ಕೂ ಹೋಗಲ್ಲ!"

"ಮಾವ, ಇದು ಮಡಿ ಅಲ್ವಾ?"

"ಮಡಿ ಅಲ್ಲ, ವಿಜ್ಞಾನ!"

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಮಾತು ಕೇಳಿಸದಿದ್ದರೂ ಅವನು ಕೈ ಬೀಸುವ ಭಂಗಿ ಅವಳದೇ ಮಡಿಯ ಭಂಗಿ, ಎಪ್ಪತ್ತು ವರ್ಷದ ಪರಿಚಯ. "ಮಾಡ್ಕೋ, ಮಾಡ್ಕೋ. ನನ್ನ ಎಷ್ಟು ಗೋಳು ಹುಯ್ಕೊಂಡಿದ್ದೀಯಾ!" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ನನ್ನನ್ನು ಕಾವಲಿಗೆ ಕೂರಿಸಿ ಮಾವ ಕಾರಿಗಿದ್ದ ಸದ್ದಿಲ್ಲದ ಸೈಲೆನ್ಸರನ್ನು ಬಿಚ್ಚಲು ಹೋದ. ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಕಬ್ಬಿಣದ ಕಾಲು ಕೊಟ್ಟು ಭದ್ರ ಮಾಡಿದ. ಅಲ್ಲಿಯವರೆಗೆ ಸರಿ. ಮುಂದಿನ ಚಕ್ರ ಉರುಳದಂತೆ ಅಡ್ಡ ಇಡಲು ಅವನಿಗೆ ಸಿಕ್ಕಿದ್ದೇನು? ಅಜ್ಜಿಯ ರುಬ್ಬುವ ಗುಂಡುಕಲ್ಲು! ಉರುಳುವುದನ್ನು ತಡೆಯಲು ಉರುಳುವ ಕಲ್ಲು! ಅದು ಇಳಿಜಾರಿನಲ್ಲಿ ತಾನೇ ಮೊದಲು ಹೊರಟು, ಗೇಟು ದಾಟಿ, ಇಸ್ತ್ರಿಯವನ ಗಾಡಿಯ ಗಾಲಿಗೆ ಡಿಕ್ಕಿ ಹೊಡೆದು ನಿಂತಿತು. ಇಸ್ತ್ರಿಯವನು ಅದನ್ನು ಕಂಕುಳಲ್ಲಿಟ್ಟುಕೊಂಡು ತಂದು, "ಸಾರ್, ಉಂಗ ಕಲ್ಲು ವಾಕಿಂಗ್ ಪೋಚ್ಚು" ಎಂದು, ವಾಕಿಂಗ್ ಹೊರಟಿದ್ದ ಕಲ್ಲನ್ನು ಒಪ್ಪಿಸಿದ. ಕಡೆಗೆ ಎರಡು ಇಟ್ಟಿಗೆ ತಂದುಕೊಟ್ಟದ್ದೂ ಅವನೇ.

ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು ನಮ್ಮೂರಿನಲ್ಲಿ. ಬೋಲ್ಟುಗಳು ಅಲ್ಲಾಡಲಿಲ್ಲ. ಮಾವ ಎಣ್ಣೆ ಬಿಟ್ಟ, ಬಡಿದ, ಬೈದ, ಮತ್ತೆ ಎಣ್ಣೆ ಬಿಟ್ಟು ಅದು ಇಳಿಯಲಿ ಎಂದು ಕಾರಿನ ಕೆಳಗೆಯೇ ಕಣ್ಣು ಮುಚ್ಚಿದ. ಕೆಳಗೆ ನೆರಳು, ನೆಲ ತಂಪು, ರಾತ್ರಿಯೆಲ್ಲ ಸಂಭ್ರಮದಲ್ಲಿ ನಿದ್ದೆಯಿಲ್ಲ. ಮಲಗಿಯೇ ಬಿಟ್ಟ. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಹೂವಿನವಳು ಬಂದು ಕೂಗಿದಳು, ಪಾದ ಅಲ್ಲಾಡಲಿಲ್ಲ. "ಅಯ್ಯಯ್ಯೋ! ಸಾರ್ ಪೋಯಿಟ್ಟಾರು!" ಎಂದು, ಸಾರ್ ಹೋಗೇಬಿಟ್ಟರೆಂದು, ಬುಟ್ಟಿ ಬಿಟ್ಟು ಚೀರಿದಳು. ಐದು ನಿಮಿಷದಲ್ಲಿ ಬೀದಿಗೆ ಬೀದಿಯೇ ಸೇರಿತು. ನಾನು ಕಾವಲು ಮರೆತು ಹೊರಗೆ ಓಡಿದೆ. ಯಾರೋ ಪಾದಕ್ಕೆ ತಣ್ಣೀರು ಸುರಿದರು. ಕಾರಿನ ಕೆಳಗಿನಿಂದ ತೆಳ್ಳನೆಯ ದನಿ ಬಂತು: "ಅಮ್ಮಾ, ಐದು ನಿಮಿಷ, ಇವತ್ತು ಸ್ಕೂಲಿಲ್ಲ..." ಹೂವಿನವಳು ನಗುತ್ತಾ ಆ ಪಾದಗಳಿಗೆ ಒಂದು ಮೊಳ ಮಲ್ಲಿಗೆ ಇಟ್ಟು ಹೋದಳು.

ನಗು ತಡೆದುಕೊಳ್ಳುತ್ತಾ ಒಳಗೆ ಬಂದವಳು ಹೊಸ್ತಿಲಲ್ಲೇ ಕಲ್ಲಾದೆ. ಅಜ್ಜಿ ತೂಗುಮಣೆಯ ಮುಂದೆ ನಿಂತಿದ್ದಾಳೆ! ದೇವರ ದೀಪಕ್ಕೆ ಬತ್ತಿ ಅದ್ದಿ ಬಂದ ಎಣ್ಣೆಗೈ. ಮನೆಗೆ ಹೊಸತು ಏನೇ ಬಂದರೂ, ಅದು ಸೊಸೆಯಿರಲಿ, ಮಿಕ್ಸಿಯಿರಲಿ, ಅಂಗೈಯಿಟ್ಟು ಹರಸಿ ದೃಷ್ಟಿ ತೆಗೆಯುವುದು ಅವಳ ಪದ್ಧತಿ.

"ಅಜ್ಜೀ! ಮುಟ್ಟಬೇಡಾ!" ಎಂದು ಕಿರುಚಿದೆ.

ನನ್ನದೂ ನಮ್ಮ ಮಾವನ ವಂಶದ ದನಿಯೇ ತಾನೇ? ಅವಳಿಗೆ ಕೇಳಿಸಲೇ ಇಲ್ಲ. ಬಾಗಿದ ಪೈಪಿನ ಮೇಲೆ ಅಂಗೈಯನ್ನು ಪೂರ್ತಿ ಊರಿ, "ನನ್ನ ಮಗನ್ನ ದಿನಾ ಕೂಗಿ ಕೂಗಿ ಕರ್ಕೊಂಡ್ಬಾರಪ್ಪ" ಎಂದು ಹೇಳಿ, ಎರಡೂ ಕೈ ನಿವಾಳಿಸಿ ಕಣತಲೆಗೆ ಒತ್ತಿ ಲಟಿಕೆ ಮುರಿದಳು. ಹತ್ತೂ ಬೆರಳು ಪಟಪಟ ಎಂದವು.

ನಾನು ಸ್ಪಿರಿಟ್ ಬಾಟಲಿ ಹುಡುಕುವಷ್ಟರಲ್ಲಿ ಮಾವ ಗ್ಲೌಸು ತೊಟ್ಟು ಒಳಗೆ ಬಂದೇಬಿಟ್ಟ. "ಬೋಲ್ಟ್ ಬಿಡ್ತು! ಸೀಕ್ರಂ, ಸೀಕ್ರಂ!" ಎಂದು ಪಂಚೆಯ ಸಮೇತ ಅದನ್ನು ಎತ್ತಿಕೊಂಡು ಹೋದ. ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಆಮೇಲಿನ ಎರಡು ಗಂಟೆ ಯುದ್ಧ. ಸೈಲೆನ್ಸರನ್ನು ತೂಗುಹಾಕುವ ರಬ್ಬರು ಬಳೆಗಳು ಹಿಗ್ಗಲು ಒಪ್ಪದೆ ಹಟ ಹಿಡಿದವು. "ಬಳೆಗಾರನಿಗೆ ಗೊತ್ತಿರೋದು ನಿಂಗೆ ಗೊತ್ತಿಲ್ವಲ್ಲೋ" ಎಂದು ಅಜ್ಜಿ ಸೋಪಿನ ನೀರು ಕೊಟ್ಟಳು. ಬಳೆಗಳು ಸರ್ರನೆ ಏರಿದವು. ಗ್ಯಾಸ್ಕೆಟ್ ಕೂತಿತು, ನಟ್ಟು ಬಿಗಿಯಿತು. ಎಲ್ಲಕ್ಕಿಂತ ದೊಡ್ಡ ಪವಾಡವೆಂದರೆ, ಈ ಸಲ ಹಾರ್ಲಿಕ್ಸ್ ಬಾಟಲಿಗೆ ಹಾಕಲು ಒಂದು ಬೋಲ್ಟೂ ಉಳಿಯಲಿಲ್ಲ.

ಇನ್ನು ಪರೀಕ್ಷೆ. ಕಾರನ್ನು ಮೆಲ್ಲಗೆ ಬೀದಿಯಾಚೆ ಒಯ್ದು, ಪಿಳ್ಳೆಯಾರ್ ಗುಡಿಯಿಂದ ಬರುವುದೆಂದು ತೀರ್ಮಾನವಾಯಿತು. ಅಜ್ಜಿಯನ್ನು ಒಳಗೆ, ಬಾಗಿಲಿಗೆ ಬೆನ್ನು ಮಾಡಿ ತೂಗುಮಣೆಯ ಮೇಲೆ ಕೂರಿಸಿದೆ. ಏನೆಂದು ಹೇಳಲಿಲ್ಲ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಎದೆ ಮಾತ್ರ ಡವಡವ. ಕೇಳಿಸದಿದ್ದರೆ? ಮತ್ತೆ ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಸೊಳ್ಳೆ. ಮಾವ ಇನ್ನೊಂದು ಉಪಾಯ ಹುಡುಕುವ ಸ್ಥಿತಿಯಲ್ಲಿರಲಿಲ್ಲ.

ದೂರದಲ್ಲಿ ಒಂದು ಗುಂ ಎಂಬ ನಾದ ಹುಟ್ಟಿತು. ನನಗೆ ಕೇಳಿಸಿತು. ಅಜ್ಜಿ ಕಾಯಿ ಸುಲಿಯುತ್ತಲೇ ಇದ್ದಳು. ನಾದ ಹತ್ತಿರವಾಯಿತು. ಕಿಟಕಿಯ ಗಾಜು ತುಸು ಜುಮ್ಮೆಂದಿತು. ಅಜ್ಜಿಯ ಕೈ ನಿಂತಿತು. ತಲೆ ಎತ್ತಿದಳು.

"ಬಂದ" ಎಂದಳು.

ಅಷ್ಟೇ. ಅವರೆಕಾಯಿಯ ಮೊರ ಬದಿಗಿಟ್ಟು, ಸೊಂಟ ಹಿಡಿದುಕೊಂಡು ಎದ್ದು, ಹಾಲು ಒಲೆಗೇರಿಸಲು ಹೋದಳು. ನಾನು ಹುಚ್ಚಿಯ ಹಾಗೆ ಬೀದಿಗೆ ಓಡಿ ಎರಡೂ ಕೈ ಮೇಲೆತ್ತಿ ಕುಣಿದೆ! ಮಾವ ಕಾರನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ ಕೆಳಗಿಳಿದು ಕುಣಿದ! ಹಿಂದಿದ್ದ ಆಟೋದವನೂ ಕಾರಣ ತಿಳಿಯದೆ ಹಾರನ್ ಹೊಡೆದು ಕುಣಿದ! ಮಹಡಿಯಿಂದ ಮಂಡ್ಯ ಕಡೆಯ ಬಾಡಿಗೆಯಾಕೆ ಬಗ್ಗಿ, "ಏನ್ ಅಂಕಲ್, ಲಾರಿ ತಗಂಡ್ರಾ?" ಎಂದಳು. ವಿಷಯ ತಿಳಿದ ಮೇಲೆ ಮೆತ್ತಗಾದಳು. "ಅಜ್ಜಿಗೋಸ್ಕರನಾ? ಹಂಗಾದ್ರೆ ಇರ್ಲಿ ಬುಡಿ. ನಮ್ಮನೆಯವ್ರ ಗಾಡೀಗೂ ಒಂದು ಹಾಕ್ಕೊಡಿ, ಬರೋದು ಗೊತ್ತಾದ್ರೆ ನಾನು ಸೀರಿಯಲ್ ಆಫ್ ಮಾಡ್ಬೋದು!"

ಮಾವ ಒಳಗೆ ಓಡಿ, "ಅಮ್ಮಾ, ಕೇಳಿಸ್ತಾ? ಕೇಳಿಸ್ತಾ?" ಎಂದು ಕೂಗಿದ.

ಅಜ್ಜಿ ತಿರುಗಲೇ ಇಲ್ಲ. ಅದೆಲ್ಲಿ ಕೇಳಿಸಬೇಕು? ಕಾಫಿ ನೊರೆ ಎತ್ತುತ್ತಿದ್ದಳು.

ಮರುದಿನ ಕಾರು ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಲು ಮಾವ ಕೆಳಗೆ ತೂರಿದ. ಹೋದವನು ಬರಲಿಲ್ಲ. ಸದ್ದೂ ಇಲ್ಲ. ನನಗೆ ಅರ್ಥವಾಯಿತು. ನಾನೂ ಬಗ್ಗಿ ನೋಡಿದೆ. ಬಾಗಿದ ಪೈಪಿನ ಮೇಲೆ, ಜೇನಿನ ಬಣ್ಣದಲ್ಲಿ, ಅಂಚಿಗೆ ತುಸು ನೀಲಿ ತಿರುಗಿದ ಒಂದು ಪೂರ್ತಿ ಅಂಗೈ. ಐದು ಬೆರಳು. ಕಿರುಬೆರಳು ಡೊಂಕು.

"ತಪ್ಪು ನಂದೇ ಮಾವ" ಎಂದು ಎಲ್ಲ ಒಪ್ಪಿಕೊಂಡೆ. ಅವನು ನನ್ನನ್ನು ಬೈದ ಬೈಗುಳ ಕನ್ನಡ, ತಮಿಳು, ಇಂಗ್ಲಿಷು ಮೂರೂ ಮುಗಿಸಿತು. ಫೋಟೋ ತೆಗೆದುಕೊಂಡು ಅಮ್ಮನ ಮುಂದೆ ಹಿಡಿದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ ಅರಳಿದಳು.

"ಆಹಾ, ಎಷ್ಟು ಜೋರಾಗಿ ಬಂದಿದೆಯೋ! ಗುರುತಿನ ಚೀಟಿ ಮಾಡಿಸಕ್ಕೆ ಹೋದಾಗ ಬೆರಳೇ ಸವೆದುಹೋಗಿದೆ, ಗುರುತು ಬೀಳಲ್ಲ ಅಂದ್ರಲ್ಲ? ಈಗ ಇದನ್ನ ತೋರ್ಸು!"

ಮಾವ ಉಜ್ಜಿ ತೆಗೆಯುವ ಪಾಲಿಷ್ ತರಿಸಿದ. "ನಾಳೆ ತಿಕ್ತೀನಿ" ಎಂದ. ಆ ನಾಳೆ ಬರಲೇ ಇಲ್ಲ. ಡಬ್ಬಿ ಹಾರ್ಲಿಕ್ಸ್ ಬಾಟಲಿಯ ಪಕ್ಕದಲ್ಲಿ ಮುಚ್ಚಳ ತೆರೆಯದೆ ಕೂತಿತು. ಮೂರು ವರ್ಷ ಪ್ರತಿ ಸಂಜೆ ಪಿಳ್ಳೆಯಾರ್ ಗುಡಿಯ ತಿರುವಿನಲ್ಲಿ ಆ ಮೃದಂಗದ ಎಡಗಡೆ ನುಡಿಯಿತು, ಒಳಗೆ ಹಾಲು ಒಲೆಗೇರಿತು. ಪ್ಲಾಸ್ಟಿಕ್ ಕುರ್ಚಿ ಇಸ್ತ್ರಿಯವನ ಪಾಲಾಯಿತು.

ಹೋದ ವರ್ಷ ಅಜ್ಜಿ ಹೋದಳು. ಆಮೇಲೆ ಮಾವ ತಿರುವಿನಲ್ಲೇ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಮನೆಗೆ ಬರುತ್ತಾನೆ ಎಂದು ಮಹಡಿಯಾಕೆ ನನಗೆ ಹೇಳಿದಳು.

ಮೊನ್ನೆ ಅವನ ಮೊಣಕಾಲು ಕೈಕೊಟ್ಟಿತು. ಜೀವನದಲ್ಲಿ ಮೊದಲ ಬಾರಿಗೆ ಕಾರನ್ನು ವಡಪಳನಿಯ ಒಂದು ಗ್ಯಾರೇಜಿಗೆ ಬಿಡಬೇಕಾಗಿ ಬಂತು. ಜೊತೆಗೆ ನಾನೂ ಹೋಗಿದ್ದೆ. ಕಾರನ್ನು ಮೇಲಕ್ಕೆತ್ತಿದ ನಡುವಯಸ್ಸಿನ ಮೆಕ್ಯಾನಿಕ್ ಕೆಳಗೆ ನಿಂತು ನೋಡಿ, "ಎನ್ನ ಸಾರ್, ಯಾರೋ ಕೈ ವೆಚ್ಚಿರುಕ್ಕಾಂಗ! ರೆಂಡು ನಿಮಿಷಂ, ತೇಚ್ಚು ಎಡುತ್ತುಡರೇನ್" ಎಂದು, ಎರಡೇ ನಿಮಿಷದಲ್ಲಿ ಆ ಕೈಗುರುತನ್ನು ತಿಕ್ಕಿ ತೆಗೆಯಲು ಉಜ್ಜುವ ಬಟ್ಟೆ ಎತ್ತಿಕೊಂಡ.

"ತೊಡಾದೇ! ಮುಟ್ಟಬೇಡಾ!"

ನಮ್ಮ ಮಾವನ ಗಂಟಲಿನಲ್ಲಿ ಅಂಥ ದಪ್ಪ ದನಿ ಇತ್ತೆಂದು ನನಗೆ ಅವತ್ತೇ ಗೊತ್ತಾದದ್ದು. ಗ್ಯಾರೇಜಿಗೆ ಗ್ಯಾರೇಜೇ ಕೆಲಸ ನಿಲ್ಲಿಸಿ ತಿರುಗಿ ನೋಡಿತು. ಮೆಕ್ಯಾನಿಕ್ ಬಟ್ಟೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮಾವ ಕುಂಟುತ್ತಾ ಕಾರಿನ ಕೆಳಗೆ ಹೋಗಿ, ತಲೆಯೆತ್ತಿ, ಆ ಡೊಂಕು ಬೆರಳಿನ ಅಂಗೈಯನ್ನು ನೋಡುತ್ತಾ ನಿಂತ. ಕೈ ಎತ್ತಿದ. ಮುಟ್ಟಲಿಲ್ಲ. ಕೈ ಹಾಗೆಯೇ ಕೆಳಗಿಳಿಸಿದ.

ಆಮೇಲೆ ನನ್ನ ಕಡೆ ತಿರುಗಿ, ತನ್ನ ಎಂದಿನ ತೆಳ್ಳನೆಯ ದನಿಯಲ್ಲಿ ಹೇಳಿದ:

"ಅಮ್ಮ ಮಡೀಲಿದಾಳೆ ಕಣೇ."